ಕೇಂದ್ರವಿಲ್ಲದ ಸಾಣೆ

ತುಮಕೂರಿನಿಂದ ಅರಸೀಕೆರೆಯ ಕಡೆಗೆ ಹೊರಟ ರೈಲು ಗುಬ್ಬಿಯನ್ನು ದಾಟಿದ ಮೇಲೆ ನಿಟ್ಟೂರು ಸಿಕ್ಕುತ್ತದೆ. ಇದು ತೆಂಗು ಅಡಕೆಗಳ ಸೀಮೆ. ತೋಟಗಳನ್ನು ನೋಡುತ್ತ ಸಾಗುವ ಪ್ರಯಾಣಿಕನಿಗೆ ಇಲ್ಲಿ ಉಕ್ಕಿನ ನೆನಪು ಬರಲು ಕಾರಣವಿಲ್ಲ. ಆದರೆ ಇದೇ ಗುಬ್ಬಿ ತಾಲ್ಲೂಕಿನಲ್ಲಿ, ನಿಟ್ಟೂರಿಗೆ ದೂರವಲ್ಲದ ಬಿದರೆಹಳ್ಳ ಕಾವಲಿನ 615 ಎಕರೆ ನೆಲದಲ್ಲಿ, ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರು ಕಾರ್ಖಾನೆ ಎದ್ದಿದೆ. ಅದರ ಶಂಕುಸ್ಥಾಪನೆ 2016ನೆಯ ಜನವರಿ 3ರಂದು ನಡೆಯಿತು. ಉದ್ಘಾಟನೆ 2023ನೆಯ ಫೆಬ್ರವರಿ 6ರಂದು. ಅದಕ್ಕೂ ಬಹಳ ಮೊದಲೆ, 1978ರಲ್ಲಿ, ತುಮಕೂರಿನಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಕೈಗಡಿಯಾರದ ಕಾರ್ಖಾನೆಯನ್ನು ಸ್ಥಾಪಿಸಿತ್ತು. ಆ ಗಡಿಯಾರದ ಉದ್ಯಮವನ್ನು ಮುಚ್ಚುವ ತೀರ್ಮಾನವನ್ನು ಸರಕಾರವು 2016ರಲ್ಲಿ ಕೈಗೊಂಡಿತು.

ಕೈಗಡಿಯಾರವೆಲ್ಲಿ, ಹೆಲಿಕಾಪ್ಟರೆಲ್ಲಿ! ಆದರೂ ಒಂದು ವಿಷಯದಲ್ಲಿ ಎರಡಕ್ಕೂ ಒಂದೇ ಕಟ್ಟಳೆ. ತಿರುಗುವ ಭಾಗ ಗುಂಡಗಿರಬೇಕು. ಗಡಿಯಾರದ ತೂಗುಚಕ್ರದ ಅಚ್ಚಿನ ತುದಿಯು ಸುಮಾರು 0.1 ಮಿಲಿಮೀಟರು ದಪ್ಪವಿರುತ್ತದೆ. ತಲೆಗೂದಲಿಗಿಂತ ಅದೇನೂ ಬಹಳ ದಪ್ಪವಲ್ಲ. ಹೆಲಿಕಾಪ್ಟರಿನ ರೆಕ್ಕೆಗಳನ್ನು ಹೊತ್ತು ತಿರುಗುವ ಅಚ್ಚಾದರೋ ಇಡೀ ವಿಮಾನದ ಭಾರವನ್ನು ಬೇರಿಂಗುಗಳ ಮೂಲಕ ಆತುಕೊಂಡಿರುತ್ತದೆ. ಗುಂಡುತನದಲ್ಲಿ ಕೊರತೆಯಾದರೆ ಗಡಿಯಾರ ತಪ್ಪು ಹೊತ್ತನ್ನು ತೋರಿಸೀತು. ಹೆಲಿಕಾಪ್ಟರಿನಲ್ಲಿ ಅದೇ ಕೊರತೆ ನಡುಕವಾಗಿ, ಸವೆತವಾಗಿ, ಕೊನೆಗೆ ಅಪಾಯವಾಗಿ ಕಾಣಿಸಿಕೊಂಡೀತು.

ಹಾಗಾದರೆ ಗಟ್ಟಿಯಾದ ಉಕ್ಕಿನ ತುಂಡೊಂದನ್ನು ಗುಂಡಗೆ ಮಾಡುವುದು ಹೇಗೆ? ಮಾಡಿದ ಮೇಲೆ ಅದು ನಿಜವಾಗಿ ಗುಂಡಗಿದೆಯೆಂದು ತಿಳಿಯುವುದು ಹೇಗೆ? ಮೊದಲನೆಯ ಪ್ರಶ್ನೆಗಿಂತ ಎರಡನೆಯದೇ ಹೆಚ್ಚು ಕಷ್ಟವೆಂಬುದನ್ನು ನಾವು ಸ್ವಂತ ಅನುಭವದಿಂದ ಕಲಿತೆವು. ಈ ಲೇಖನದಲ್ಲಿ ಎರಡನ್ನೂ ವಿಚಾರಿಸೋಣ.

ಕೇಂದ್ರ ಹಿಡಿದು ಕಡೆಯುವುದು

ಗುಂಡಗೆ ಮಾಡುವ ಹಳೆಯ ಉಪಾಯ ಎಲ್ಲರಿಗೂ ಗೊತ್ತು. ಕುಂಬಾರನು ಮಣ್ಣಿನ ಮುದ್ದೆಯನ್ನು ತಿಗರಿಯ ನಟ್ಟನಡುವೆ ಇಟ್ಟು ತಿರುಗಿಸುತ್ತಾನೆ. ಹೊಯ್ಸಳರ ಕಾಲದ ದೇವಾಲಯಗಳಲ್ಲಿ ಬಳಪದ ಕಲ್ಲಿನ ಕಡೆದ ಕಂಬಗಳನ್ನು ನಮ್ಮ ವಾಚಕರು ನೋಡಿರಬಹುದು. ಇಂದಿನ ಲೇತಿನಲ್ಲಿ ತುಂಡಿನ ಎರಡು ತುದಿಗಳಲ್ಲಿ ಸಣ್ಣ ಕುಳಿಗಳನ್ನು ಕೊರೆದು, ಎರಡು ಮೊನೆಗಳ ನಡುವೆ ಅದನ್ನು ಹಿಡಿದು ತಿರುಗಿಸುತ್ತಾರೆ. ಇವೆಲ್ಲದರಲ್ಲಿಯೂ ತತ್ತ್ವ ಒಂದೇ: ಮೊದಲು ಒಂದು ಕೇಂದ್ರವನ್ನು ಗೊತ್ತುಮಾಡು, ಅದರ ಸುತ್ತ ವಸ್ತುವನ್ನು ತಿರುಗಿಸು, ಕೇಂದ್ರದಿಂದ ಒಂದೇ ದೂರದಲ್ಲಿ ಉಳಿಯನ್ನು ಹಿಡಿ.

ಒಂದೆರಡು ತುಂಡುಗಳಿಗೆ ಈ ಕ್ರಮ ಉತ್ತಮವಾದದ್ದು. ಆದರೆ ದಿನಕ್ಕೆ ಸಾವಿರಾರು ಬೇರಿಂಗಿನ ರೋಲರುಗಳು, ಪಿಸ್ಟನ್ನಿನ ಪಿನ್ನುಗಳು ಬೇಕಾದಾಗ ಪ್ರತಿಯೊಂದಕ್ಕೂ ಕುಳಿ ಕೊರೆದು, ಹಿಡಿದು, ಬಿಡುವುದಕ್ಕೆ ಹೊತ್ತೆಲ್ಲಿ? ಅಲ್ಲದೆ ತುಂಡು ಉದ್ದವಾಗಿ ಸಪೂರವಾಗಿದ್ದರೆ ಮೊನೆಗಳ ನಡುವೆ ಅದು ಬಳಕುತ್ತದೆ. ನಡುವಿನ ಭಾಗ ದಪ್ಪವಾಗಿಯೆ ಉಳಿಯುತ್ತದೆ.

ಇದಕ್ಕೆ ಪರಿಹಾರವಾದದ್ದು ಕೇಂದ್ರವನ್ನೇ ಹಿಡಿಯದ ಸಾಣೆಯಂತ್ರ. ಕಾರ್ಖಾನೆಗಳಲ್ಲಿ ಇದನ್ನು ‘ಸೆಂಟರ್‌ಲೆಸ್ ಗ್ರೈಂಡರ್’ ಎಂದೇ ಕರೆಯುತ್ತಾರೆ. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಡ್ಯಾನ್‌ಬರಿಯಲ್ಲಿ ಬೇರಿಂಗುಗಳ ಕೆಲಸದಲ್ಲಿ ತೊಡಗಿದ್ದ ಲೂಯಿಸ್ ಹೀಮ್ ಎಂಬವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದನ್ನು ಇಂದಿನ ರೂಪಕ್ಕೆ ತಂದರು.

ಬತ್ತಿ ಹೊಸೆಯುವ ಯಂತ್ರ

ಈ ಯಂತ್ರದ ತತ್ತ್ವವನ್ನು ತಿಳಿಯಲು ಕಾರ್ಖಾನೆಗೆ ಹೋಗಬೇಕಿಲ್ಲ; ದೇವರ ಮನೆಗೆ ಹೋದರೆ ಸಾಕು. ಅಜ್ಜಿ ಹತ್ತಿಯ ಎಳೆಯನ್ನು ಎರಡು ಅಂಗೈಗಳ ನಡುವೆ ಇಟ್ಟು ಬತ್ತಿ ಹೊಸೆಯುವುದನ್ನು ನೋಡಿ. ಒಂದು ಕೈ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಬತ್ತಿಗೆ ಅಚ್ಚಿಲ್ಲ, ಹಿಡಿಯಿಲ್ಲ. ಆದರೂ ಅದು ನಡುವೆ ಉರುಳಿ ಗುಂಡಗಾಗುತ್ತದೆ.

ಯಂತ್ರದಲ್ಲಿ ಎರಡು ಅಂಗೈಗಳ ಸ್ಥಾನದಲ್ಲಿ ಎರಡು ಚಕ್ರಗಳಿವೆ. ಎಡಗಡೆಯದು ಸಾಣೆಚಕ್ರ. ಬಲಗಡೆಯದು ನಿಯಂತ್ರಕ ಚಕ್ರ. ಇದರ ಹರಳುಗಳನ್ನು ಸಾಮಾನ್ಯವಾಗಿ ರಬ್ಬರಿನಿಂದ ಬಂಧಿಸಿರುತ್ತಾರೆ, ಆದುದರಿಂದ ಇದು ಉಕ್ಕನ್ನು ಹೆಚ್ಚಾಗಿ ಕೊರೆಯದೆ ಬಿಗಿಯಾಗಿ ಹಿಡಿಯುತ್ತದೆ. ಎರಡರ ನಡುವಣ ಸಂದಿನಲ್ಲಿ ಒಂದು ಅಲಗು ನಿಂತಿರುತ್ತದೆ. ತುಂಡು ಈ ಅಲಗಿನ ನೆತ್ತಿಯ ಮೇಲೆ ಸುಮ್ಮನೆ ಕುಳಿತಿರುತ್ತದೆ.

ಎರಡು ಚಕ್ರಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ. ಎರಡೂ ಗಡಿಯಾರದ ಮುಳ್ಳಿನಂತೆ ತಿರುಗುತ್ತಿವೆಯೆಂದು ಇಟ್ಟುಕೊಳ್ಳಿ. ಆಗ ತುಂಡಿಗೆ ತಾಗುವಲ್ಲಿ ಸಾಣೆಚಕ್ರದ ಮೈ ಕೆಳಕ್ಕೂ ನಿಯಂತ್ರಕ ಚಕ್ರದ ಮೈ ಮೇಲಕ್ಕೂ ಚಲಿಸುತ್ತವೆ, ಬತ್ತಿ ಹೊಸೆಯುವ ಕೈಗಳಂತೆಯೇ. ತುಂಡು ಇವಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಸಾಣೆಯ ಒತ್ತಡವು ಅದನ್ನು ಅಲಗಿನ ಮೇಲೆ ಅದುಮಿ ಹಿಡಿಯುತ್ತದೆ.

ಆದರೆ ವೇಗಗಳಲ್ಲಿ ಅಜಗಜಾಂತರವಿದೆ. 500 ಮಿಲಿಮೀಟರು ವ್ಯಾಸದ ಸಾಣೆಚಕ್ರ ನಿಮಿಷಕ್ಕೆ 1250 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 33 ಮೀಟರು ಓಡುತ್ತದೆ. 300 ಮಿಲಿಮೀಟರಿನ ನಿಯಂತ್ರಕ ಚಕ್ರ ನಿಮಿಷಕ್ಕೆ 40 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ 0.63 ಮೀಟರು ಮಾತ್ರ. ಸಾಣೆಚಕ್ರವು ತುಂಡನ್ನು ತನ್ನ ವೇಗಕ್ಕೆ ಎಳೆದೊಯ್ಯಲು ನೋಡುತ್ತದೆ. ನಿಯಂತ್ರಕ ಚಕ್ರವು ಅದನ್ನು ತನ್ನ ನಿಧಾನದ ನಡಗೆಗೆ ತಡೆದು ನಿಲ್ಲಿಸುತ್ತದೆ. ಇದನ್ನು ಒಂದು ಬಗೆಯ ತಡೆಯೆಂದೇ ಹೇಳಬಹುದು. ಈ ಎರಡು ವೇಗಗಳ ಅಂತರದಿಂದಲೆ ಉಕ್ಕು ಸವೆಯುತ್ತದೆ.

ಮೊನೆಗಳ ನಡುವೆ ಹಿಡಿದ ತುಂಡಿಗೆ ಸಾಣೆಚಕ್ರವನ್ನು 0.01 ಮಿಲಿಮೀಟರು ಮುಂದೊತ್ತಿದರೆ ವ್ಯಾಸದಲ್ಲಿ 0.02 ಇಳಿಯುತ್ತದೆ, ತ್ರಿಜ್ಯದ ತಪ್ಪು ವ್ಯಾಸದಲ್ಲಿ ಇಮ್ಮಡಿಯಾಗುತ್ತದೆ. ಇಲ್ಲಿ ಹಾಗಲ್ಲ. ಎರಡು ಚಕ್ರಗಳ ಸಂದನ್ನು 0.01 ಕಿರಿದು ಮಾಡಿದರೆ ವ್ಯಾಸವೂ ಅಷ್ಟೇ ಇಳಿಯುತ್ತದೆ. ಸಂದೇ ವ್ಯಾಸ. ಈ ಯಂತ್ರದ ನಿಖರತೆಗೆ ಇದೊಂದು ದೊಡ್ಡ ಕಾರಣ. ಆದರೆ ಇದರ ಮೋಸವೂ ಇಲ್ಲಿಯೇ ಅಡಗಿದೆ.

ಒಳಗೆ ಹೋಗದ ಪಿನ್ನುಗಳು

ಹಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಇಂಥ ಯಂತ್ರವನ್ನು ಅಣಿಗೊಳಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. 20 ಮಿಲಿಮೀಟರಿನ ಪಿನ್ನುಗಳು, ಅವು 20.005 ಮಿಲಿಮೀಟರಿನ ರಂಧ್ರದೊಳಗೆ ನುಣ್ಣಗೆ ಜಾರಿ ಕೂರಬೇಕು. ಬೆಳಗಿನಿಂದ ಇನ್ನೂರು ಪಿನ್ನುಗಳನ್ನು ಸಾಣೆ ಹಿಡಿದೆವು. ಮೈಕ್ರೊಮೀಟರಿನಲ್ಲಿ ಒಂದೊಂದನ್ನೂ ಮೂರು ನಾಲ್ಕು ಕಡೆ ಅಳೆದೆವು. ಎಲ್ಲಿ ಅಳೆದರೂ 20.000. ನಮಗೆ ಹೆಮ್ಮೆಯೇ ಆಯಿತು. ಸಂಜೆ ಜೋಡಣೆಯವರು ಬಂದು, ಪಿನ್ನು ರಂಧ್ರಕ್ಕೆ ಹೋಗುತ್ತಿಲ್ಲವೆಂದರು. ರಂಧ್ರವನ್ನು ಅಳೆದೆವು, ಸರಿಯಾಗಿದೆ. ಪಿನ್ನನ್ನು ಅಳೆದೆವು, ಸರಿಯಾಗಿದೆ. ಆದರೂ ಹೋಗದು.

ಅಲ್ಲಿದ್ದ ವಯಸ್ಸಾದ ಕೆಲಸಗಾರರೊಬ್ಬರು ಮಾತಾಡದೆ ಒಂದು ಪಿನ್ನನ್ನು ತೆಗೆದುಕೊಂಡು 60 ಅಂಶದ ‘ವಿ’ ಕಟ್ಟೆಯಲ್ಲಿ ಮಲಗಿಸಿದರು. ಮೇಲೆ ಡಯಲಿನ ಮುಳ್ಳನ್ನು ತಾಗಿಸಿ, ಪಿನ್ನನ್ನು ಬೆರಳಿನಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಮುಳ್ಳು ಮೂರು ಸಲ ಏರಿತು, ಮೂರು ಸಲ ಇಳಿಯಿತು, ಪ್ರತಿಸಲವೂ 0.03 ಮಿಲಿಮೀಟರು. “ನೀವು ಅಗಲ ಅಳೆದಿರಿ ಸ್ವಾಮಿ, ಗುಂಡು ಅಳೆಯಲಿಲ್ಲ,” ಎಂದರು.

ಅಗಲ ಒಂದೇ ಆದರೆ ಗುಂಡಗಿರಬೇಕಲ್ಲವೆ? ನಾವೂ ಹಾಗೆಯೇ ನಂಬಿದ್ದೆವು. ವಾಚಕರು ಈ ಪ್ರಯೋಗವನ್ನು ಮಾಡಿ ನೋಡಲಿ. ರಟ್ಟಿನ ಮೇಲೆ 6 ಸೆಂಟಿಮೀಟರು ಭುಜದ ಸಮಬಾಹು ತ್ರಿಭುಜವನ್ನು ಬರೆಯಿರಿ. ಕೈವಾರದ ಮೊನೆಯನ್ನು ಒಂದು ಶೃಂಗದಲ್ಲಿ ಊರಿ, ಉಳಿದೆರಡು ಶೃಂಗಗಳನ್ನು ಕೂಡಿಸುವಂತೆ 6 ಸೆಂಟಿಮೀಟರಿನ ಕಂಸವನ್ನು ಎಳೆಯಿರಿ. ಮಿಕ್ಕ ಎರಡು ಶೃಂಗಗಳಿಂದಲೂ ಹೀಗೆಯೇ ಮಾಡಿ. ಉಬ್ಬಿದ ತ್ರಿಕೋನದಂಥ ಈ ಆಕೃತಿಯನ್ನು ಕತ್ತರಿಸಿ, 6 ಸೆಂಟಿಮೀಟರು ಅಂತರದಲ್ಲಿಟ್ಟ ಎರಡು ಸಮಾಂತರ ಅಳತೆಪಟ್ಟಿಗಳ ನಡುವೆ ಮೇಜಿನ ಮೇಲೆ ತಿರುಗಿಸಿ. ಹೇಗೆ ತಿರುಗಿಸಿದರೂ ಅದು ಎರಡು ಪಟ್ಟಿಗಳನ್ನೂ ತಾಗಿಕೊಂಡೇ ಇರುತ್ತದೆ! ಯಾವ ಕಡೆಯಿಂದ ಅಳೆದರೂ ಅದರ ಅಗಲ 6 ಸೆಂಟಿಮೀಟರು. ಆದರೆ 6 ಸೆಂಟಿಮೀಟರಿನ ವೃತ್ತಾಕಾರದ ರಂಧ್ರದಲ್ಲಿ ಅದು ತೂರದು, ಅದಕ್ಕೆ 6.93 ಸೆಂಟಿಮೀಟರಿನ ರಂಧ್ರ ಬೇಕು.

ಜರ್ಮನಿಯ ಯಂತ್ರಶಾಸ್ತ್ರಜ್ಞ ಫ್ರಾನ್ಸ್ ರೂಲೋ (1829-1905) ಅವರ ಹೆಸರಿನಿಂದ ಈ ಆಕೃತಿ ಪ್ರಸಿದ್ಧವಾಗಿದೆ. ಇದೇ ಜಾತಿಯ ಏಳು ಮೂಲೆಯ ನಾಣ್ಯವನ್ನು ಬ್ರಿಟನ್ 1969ರಲ್ಲಿ 50 ಪೆನ್ಸಿಗಾಗಿ ಹೊರಡಿಸಿತು. ಅದು ಗುಂಡಗಿಲ್ಲ, ಆದರೂ ಅದರ ಅಗಲ ಎಲ್ಲ ಕಡೆಗೂ ಒಂದೇ ಆದುದರಿಂದ ನಾಣ್ಯ ನುಂಗುವ ಯಂತ್ರಗಳಲ್ಲಿ ತೊಡಕಿಲ್ಲದೆ ಉರುಳುತ್ತದೆ.

ನಮ್ಮ ಪಿನ್ನುಗಳೂ ಕಣ್ಣಿಗೆ ಕಾಣದ ಮೂರು ಮೂಲೆಗಳನ್ನು ಪಡೆದಿದ್ದವು. ಮೂರು ಉಬ್ಬಿನ ವಸ್ತುವಿನಲ್ಲಿ ಪ್ರತಿಯೊಂದು ಉಬ್ಬಿನ ಎದುರಿಗೂ ಒಂದು ತಗ್ಗು ಇರುತ್ತದೆ. ಮೈಕ್ರೊಮೀಟರಿನ ಎರಡು ದವಡೆಗಳ ನಡುವೆ ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. 60 ಅಂಶದ ‘ವಿ’ ಕಟ್ಟೆಯು ಇದೇ ದೋಷವನ್ನು ಮೂರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಡಯಲು ತೋರಿಸಿದ 0.03ನ್ನು ಮೂರರಿಂದ ಭಾಗಿಸಿದರೆ ತ್ರಿಜ್ಯದ ಏರಿಳಿತ 0.01 ಮಿಲಿಮೀಟರು. ಅಂದರೆ ಸರಾಸರಿ ತ್ರಿಜ್ಯಕ್ಕಿಂತ ಉಬ್ಬು 0.005 ಎತ್ತರ. ಅಂಥ ಪಿನ್ನನ್ನು ಒಳಗೊಳ್ಳಲು 20.010 ಮಿಲಿಮೀಟರಿನ ರಂಧ್ರ ಬೇಕು. ನಮ್ಮ ರಂಧ್ರ 20.005. ಹೋಗುವುದು ಹೇಗೆ?

‘ವಿ’ ಕಟ್ಟೆಯೂ ಸರ್ವಜ್ಞನಲ್ಲ. ಐದು ಉಬ್ಬಿನ ದೋಷವನ್ನು 60 ಅಂಶದ ಕಟ್ಟೆ ಕಾಣದು. 90 ಅಂಶದ ಕಟ್ಟೆ ಮೂರನ್ನೂ ಐದನ್ನೂ ಇಮ್ಮಡಿಯಾಗಿ ತೋರಿಸುತ್ತದೆ, ಆದರೆ ಏಳನ್ನು ಬಿಟ್ಟುಬಿಡುತ್ತದೆ. ಆದಕಾರಣ ಬೇರೆ ಬೇರೆ ಕೋನಗಳಲ್ಲಿ ಪರೀಕ್ಷಿಸಬೇಕು. ಬೇರಿಂಗಿನಂಥ ವಸ್ತುಗಳಿಗೆ ಗುಂಡುತನವನ್ನೇ ಅಳೆಯುವ ಪ್ರತ್ಯೇಕ ಉಪಕರಣಗಳಿವೆ.

ದೋಷ ಹುಟ್ಟುವುದು ಹೇಗೆ?

ಅಂದು ತಪ್ಪು ಯಂತ್ರದ್ದಲ್ಲ, ನಮ್ಮದೇ. ಅಲಗನ್ನು ತಗ್ಗಿನಲ್ಲಿ ನಿಲ್ಲಿಸಿದ್ದೆವು. ಪಿನ್ನಿನ ಕೇಂದ್ರವು ಎರಡು ಚಕ್ರಗಳ ಕೇಂದ್ರಗಳನ್ನು ಸೇರಿಸುವ ರೇಖೆಯ ಮಟ್ಟದಲ್ಲಿಯೇ ಬಹುಮಟ್ಟಿಗೆ ಇದ್ದಿತು. ಹೀಗಿರುವಾಗ ಪಿನ್ನಿನ ಒಂದು ಉಬ್ಬು ನಿಯಂತ್ರಕ ಚಕ್ರಕ್ಕೆ ತಾಗಿತೆನ್ನಿ. ಅದು ಪಿನ್ನನ್ನು ಸಾಣೆಚಕ್ರದ ಕಡೆಗೆ ತಳ್ಳುತ್ತದೆ. ಒಡನೆಯೆ ಸಾಣೆಚಕ್ರವು ಆ ಉಬ್ಬಿನ ನೇರ ಎದುರಿನಲ್ಲಿ ಅಷ್ಟೇ ಆಳದ ತಗ್ಗನ್ನು ಕೊರೆಯುತ್ತದೆ. ಉಬ್ಬು ಹೋಗಲಿಲ್ಲ, ಅದಕ್ಕೊಂದು ಜೋಡಿ ತಗ್ಗು ಹುಟ್ಟಿತು. ಎರಡರ ನಡುವಣ ಅಗಲ ಮಾತ್ರ ಸಂದಿನಷ್ಟೇ. ಯಂತ್ರವು ಅಗಲವನ್ನು ಕಾಯುತ್ತ ಕಾಯುತ್ತ ಆಕಾರವನ್ನು ಕೆಡಿಸಿತು.

ಪಿನ್ನನ್ನು ಆ ರೇಖೆಗಿಂತ ಮೇಲಕ್ಕೆ ಎತ್ತಿದರೆ ಎರಡು ಚಕ್ರಗಳು ಅದನ್ನು ತಾಗುವ ಬಿಂದುಗಳು ನೇರ ಎದುರುಬದುರಾಗಿ ಉಳಿಯುವುದಿಲ್ಲ. ಎರಡೂ ತುಸು ಕೆಳಕ್ಕೆ ಸರಿಯುತ್ತವೆ. ಈಗ ಉಬ್ಬಿನಿಂದ ಹುಟ್ಟುವ ತಗ್ಗು ಅದರ ನೇರ ಎದುರಿಗೆ ಬೀಳದು. ಅಲಗಿನ ಇಳಿಜಾರಾದ ನೆತ್ತಿಯೂ ಮೂರನೆಯ ಆಧಾರವಾಗಿ ನಿಂತು ತಪ್ಪನ್ನು ಬೇರೆ ಬೇರೆ ಕಡೆಗೆ ಹಂಚುತ್ತದೆ. ಒಂದು ಸುತ್ತಿನಲ್ಲಿ ಉಳಿದ ತಪ್ಪು ಮುಂದಿನ ಸುತ್ತಿನಲ್ಲಿ ಇನ್ನಷ್ಟು ತಗ್ಗುತ್ತದೆ. ಹೀಗೆ ಕೇಂದ್ರವನ್ನು ಯಾರೂ ತೋರಿಸದಿದ್ದರೂ ಪಿನ್ನು ತನ್ನ ಕೇಂದ್ರವನ್ನು ತಾನೇ ಹುಡುಕಿಕೊಳ್ಳುತ್ತದೆ.

ಎಷ್ಟು ಎತ್ತಬೇಕು? ಸಣ್ಣ ತುಂಡುಗಳಿಗೆ ಆರಂಭದ ನಿಯಮವಾಗಿ ತುಂಡಿನ ವ್ಯಾಸದ ಅರ್ಧದಷ್ಟು. 20 ಮಿಲಿಮೀಟರಿನ ಪಿನ್ನಿಗೆ 10 ಮಿಲಿಮೀಟರು. ದೊಡ್ಡ ತುಂಡುಗಳಾದರೂ ಸುಮಾರು 12 ಮಿಲಿಮೀಟರಿಗಿಂತ ಹೆಚ್ಚಾಗಿ ಎತ್ತುವ ವಾಡಿಕೆಯಿಲ್ಲ. ಮಿತಿಮೀರಿ ಎತ್ತಿದರೆ ತುಂಡು ಅಲಗನ್ನು ಬಿಟ್ಟು ಕುಣಿಯತೊಡಗಿ, ಮೈಮೇಲೆ ನಡುಕದ ಗೆರೆಗಳು ಬೀಳುತ್ತವೆ.

ಯಂತ್ರವನ್ನು ಅಣಿಗೊಳಿಸುವ ಕ್ರಮ

ಮೊದಲ ಕೆಲಸ ಸಾಣೆಚಕ್ರದ ಪರೀಕ್ಷೆ. ಕೂರಿಸುವ ಮುನ್ನ ಅದನ್ನು ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಮಡಕೆ ಕೊಳ್ಳುವವರು ತಟ್ಟಿ ನೋಡುವುದಿಲ್ಲವೆ? ಹಾಗೆಯೇ. ಪಿಂಗಾಣಿಯಂಥ ಬಂಧದ ಒಳ್ಳೆಯ ಚಕ್ರ ಕಿಣಿಕಿಣಿ ಎನ್ನುತ್ತದೆ. ಬಿರುಕಿದ್ದರೆ ಸ್ವರ ಸತ್ತಿರುತ್ತದೆ. ಸೆಕೆಂಡಿಗೆ 33 ಮೀಟರು ಓಡುವ ಚಕ್ರ ಒಡೆದರೆ ಗುಂಡಿನೇಟಿಗೆ ಸಮ. ಕವಚವನ್ನು ಮುಚ್ಚದೆ ಚಾಲನೆ ಮಾಡಲೇಕೂಡದು. ಹೊಸ ಚಕ್ರವನ್ನು ಮೊದಲು ಒಂದೆರಡು ನಿಮಿಷ ಬರಿದಾಗಿ ತಿರುಗಿಸಿ, ಅದರ ಎದುರಿನಿಂದ ದೂರ ನಿಂತಿರಬೇಕು.

ಎರಡನೆಯದು ವಜ್ರದ ಮೊನೆಯಿಂದ ಚಕ್ರಗಳ ಮೈಯನ್ನು ಹೆರೆದು ಸರಿಪಡಿಸುವುದು. ಹೆರೆಯದ ಚಕ್ರದಲ್ಲಿ ಹರಳುಗಳು ಮೊಂಡಾಗಿ, ಸಂದುಗಳಲ್ಲಿ ಉಕ್ಕಿನ ಪುಡಿ ತುಂಬಿ, ಸಾಣೆಗೆ ಬದಲಾಗಿ ಸುಡುವಿಕೆ ನಡೆಯುತ್ತದೆ.

ಮೂರನೆಯದು ಅಲಗು. ಇದರ ದಪ್ಪ ತುಂಡಿನ ವ್ಯಾಸಕ್ಕಿಂತ ಕಡಿಮೆಯಿರಬೇಕು. ನೆತ್ತಿಯು ನಿಯಂತ್ರಕ ಚಕ್ರದ ಕಡೆಗೆ ಸಾಮಾನ್ಯವಾಗಿ 30 ಅಂಶ ಇಳಿಜಾರಾಗಿರುತ್ತದೆ. ಎತ್ತರವನ್ನು ಮೇಲೆ ಹೇಳಿದಂತೆ ಗೊತ್ತುಮಾಡಿ ಬಿಗಿಯಬೇಕು.

ನಾಲ್ಕನೆಯದು ನಿಯಂತ್ರಕ ಚಕ್ರದ ಓರೆ. ಪಿನ್ನುಗಳು ಒಂದು ಬದಿಯಿಂದ ಒಳಹೊಕ್ಕು ಇನ್ನೊಂದು ಬದಿಯಿಂದ ತಾವಾಗಿ ಹೊರಬರಬೇಕು, ತಳ್ಳುವವರಾರು? ನಿಯಂತ್ರಕ ಚಕ್ರದ ಅಚ್ಚನ್ನು ಕೆಲವು ಅಂಶಗಳಷ್ಟು ಓರೆ ಮಾಡಿದರೆ ಅದರ ಮೈಯ ಚಲನೆಯಲ್ಲಿ ಒಂದು ಪಾಲು ಪಿನ್ನನ್ನು ತಿರುಗಿಸುತ್ತದೆ, ಇನ್ನೊಂದು ಸಣ್ಣ ಪಾಲು ಮುಂದಕ್ಕೆ ನಡೆಸುತ್ತದೆ. ನಮ್ಮ 300 ಮಿಲಿಮೀಟರಿನ ಚಕ್ರ ನಿಮಿಷಕ್ಕೆ 40 ಸುತ್ತು ತಿರುಗಿದಾಗ ಅದರ ಅಂಚು 37,700 ಮಿಲಿಮೀಟರು ಚಲಿಸುತ್ತದೆ. ಓರೆ 3 ಅಂಶವಾದರೆ ಇದನ್ನು 3 ಅಂಶದ ಸೈನಿನಿಂದ, ಅಂದರೆ 0.0523ರಿಂದ, ಗುಣಿಸಬೇಕು. ಬರುವ ಉತ್ತರ ನಿಮಿಷಕ್ಕೆ ಸುಮಾರು 1,970 ಮಿಲಿಮೀಟರು. 50 ಮಿಲಿಮೀಟರು ಉದ್ದದ ಪಿನ್ನುಗಳು ಒಂದರ ಹಿಂದೊಂದು ಸಾಲಾಗಿ ಹೋದರೆ ನಿಮಿಷಕ್ಕೆ 39! ಕಾಲೇಜಿನ ತ್ರಿಕೋನಮಿತಿ ಇಲ್ಲಿ ಕೂಲಿ ಮಾಡುತ್ತಿದೆ. ಪಿನ್ನು ಇದೇ ಹೊತ್ತಿನಲ್ಲಿ ನಿಮಿಷಕ್ಕೆ 600 ಸುತ್ತಿನಂತೆ ತಿರುಗುತ್ತದೆ. ಚಕ್ರದ ಅಗಲ 150 ಮಿಲಿಮೀಟರು ಇದ್ದರೆ, ಪಿನ್ನಿನ ಒಂದೊಂದು ಬಿಂದುವೂ ಅದನ್ನು ದಾಟುವಷ್ಟರಲ್ಲಿ ಸುಮಾರು 45 ಸುತ್ತುಗಳಾಗುತ್ತವೆ. ಗುಂಡಗಾಗಲು ಅದಕ್ಕಿರುವ ಅವಕಾಶ ಅಷ್ಟೇ. ಓರೆಯನ್ನು ಹೆಚ್ಚಿಸಿ ಆತುರಪಟ್ಟರೆ ಈ ಸುತ್ತುಗಳು ಕಡಿಮೆಯಾಗುತ್ತವೆ. ಓರೆಯಾದ ಚಕ್ರವು ಪಿನ್ನನ್ನು ಉದ್ದಕ್ಕೂ ತಾಗಬೇಕಾದರೆ ಅದರ ಮೈ ನಡುವೆ ಕೊಂಚ ತಗ್ಗಾಗಿರಬೇಕು. ವಜ್ರವನ್ನೂ ತಕ್ಕ ಓರೆಯಲ್ಲಿಟ್ಟು ಹೆರೆದರೆ ಈ ಆಕಾರ ಬರುತ್ತದೆ.

ಐದನೆಯದು ಒಳದಾರಿ ಹೊರದಾರಿಗಳಲ್ಲಿರುವ ನಡೆಪಟ್ಟಿಗಳು. ಇವು ನೇರವಾಗಿಲ್ಲದಿದ್ದರೆ ಪಿನ್ನು ಒಂದು ತುದಿಯಲ್ಲಿ ಸಪೂರವಾಗಿಯೋ ಡೋಲಿನಂತೆ ನಡು ಉಬ್ಬಿಯೋ ಡಮರುವಿನಂತೆ ನಡು ಸಣ್ಣದಾಗಿಯೋ ಹೊರಬರುತ್ತದೆ. ಪಿನ್ನಿನ ಆಕಾರವನ್ನು ನೋಡಿಯೇ ಯಾವ ಪಟ್ಟಿ ಸೊಟ್ಟಗಿದೆಯೆಂದು ಅನುಭವಿಗಳು ಹೇಳಬಲ್ಲರು. ತಲೆಯುಳ್ಳ ತುಂಡುಗಳು ಹೀಗೆ ಹಾದುಹೋಗಲಾರವು. ಅವನ್ನು ಅಲಗಿನ ಮೇಲಿಟ್ಟು, ಚಕ್ರವನ್ನು ಹತ್ತಿರ ತಂದು, ಸಾಣೆಯಾದ ಮೇಲೆ ಹಿಂದಕ್ಕೆ ಸರಿಸಿ ತೆಗೆಯಬೇಕು.

ಕೊನೆಗೆ, ಸಂದನ್ನು ಬೇಕಾದುದಕ್ಕಿಂತ ಕೊಂಚ ಹಿಗ್ಗಿಸಿಟ್ಟು ಮೊದಲ ಪಿನ್ನನ್ನು ಬಿಡಬೇಕು. ಅಳೆದು ನೋಡಿ, ಮೆಲ್ಲಮೆಲ್ಲನೆ ಸಂದನ್ನು ಕಿರಿದುಗೊಳಿಸಬೇಕು. ಹೆಚ್ಚಿನ ಲೋಹವನ್ನು ಮೊದಲ ಸರದಿಗಳಲ್ಲಿ ತೆಗೆದು, ಕೊನೆಯ ಸರದಿಗೆ ಅತ್ಯಲ್ಪವನ್ನು ಉಳಿಸಿಕೊಂಡರೆ ಮೈ ನುಣುಪಾಗುತ್ತದೆ. ತಂಪು ದ್ರವ ಧಾರಾಳವಾಗಿ ಹರಿಯುತ್ತಿರಲಿ. ಪಿನ್ನು ಬಿಸಿಯಿದ್ದಾಗ ಅಳೆಯಬಾರದು. 20 ಮಿಲಿಮೀಟರಿನ ಉಕ್ಕು 10 ಅಂಶ ಸೆಂಟಿಗ್ರೇಡು ಹೆಚ್ಚು ಬಿಸಿಯಾದರೆ 0.0024 ಮಿಲಿಮೀಟರು ಹಿಗ್ಗುತ್ತದೆ, ನಮಗಿದ್ದ 0.005ರ ಅವಕಾಶದಲ್ಲಿ ಇದೇ ಅರ್ಧವನ್ನು ನುಂಗುತ್ತದೆ. ಚಕ್ರಗಳು ತಿರುಗುತ್ತಿರುವಾಗ ಸಂದಿಗೆ ಕೈಹಾಕುವುದಾಗಲಿ ಸಡಿಲ ಬಟ್ಟೆಯುಟ್ಟು ಹತ್ತಿರ ನಿಲ್ಲುವುದಾಗಲಿ ಕೂಡದು. ಕಣ್ಣಿಗೆ ಕನ್ನಡಕ ಇರಲೇಬೇಕು. ನಿಲ್ಲಿಸುವಾಗ ಮೊದಲು ದ್ರವವನ್ನು ನಿಲ್ಲಿಸಿ, ಚಕ್ರವನ್ನು ಸ್ವಲ್ಪ ಹೊತ್ತು ಬರಿದಾಗಿ ತಿರುಗಿಸಬೇಕು. ಇಲ್ಲವಾದರೆ ದ್ರವ ಚಕ್ರದ ಕೆಳಭಾಗಕ್ಕೆ ಇಳಿದು, ಮರುದಿನ ಅದು ತೂಕ ತಪ್ಪಿ ನಡುಗುತ್ತದೆ.

ನಮ್ಮ ಇನ್ನೂರು ಪಿನ್ನುಗಳ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ಅವು 20.000ಕ್ಕೆ ಆಗಲೇ ಇಳಿದಿದ್ದುದರಿಂದ ಮತ್ತೆ ಸಾಣೆ ಹಿಡಿಯುವಷ್ಟು ಲೋಹ ಉಳಿದಿರಲಿಲ್ಲ, ಗುಜರಿಗೆ ಹೋದುವು. ಮರುದಿನ ಅಲಗನ್ನು ಎತ್ತರಿಸಿ ಹೊಸ ಪಿನ್ನುಗಳನ್ನು ಮಾಡಿದೆವು. ಆ ಹಿರಿಯರು ಮೊದಲ ಪಿನ್ನನ್ನು ‘ವಿ’ ಕಟ್ಟೆಯಲ್ಲಿ ತಿರುಗಿಸಿದಾಗ ಡಯಲಿನ ಮುಳ್ಳು ನಿಂತಲ್ಲಿಯೆ ನಿಂತಿತ್ತು.

ಇಂದು ನಿಟ್ಟೂರು, ಗುಬ್ಬಿ, ಕುಣಿಗಲುಗಳಿಂದ ಎಷ್ಟೋ ತರುಣರು ಕೈಗಾರಿಕಾ ತರಬೇತಿ ಸಂಸ್ಥೆಗಳಿಗೂ ಪಾಲಿಟೆಕ್ನಿಕ್ಕುಗಳಿಗೂ ಸೇರುತ್ತಿದ್ದಾರೆ. ಅವರ ಕೈಗೆ ಮೊದಲು ಬರುವ ಅಳತೆಯ ಉಪಕರಣಗಳಲ್ಲಿ ಮೈಕ್ರೊಮೀಟರು ಒಂದು. ಅದು ಸುಳ್ಳು ಹೇಳುವುದಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಆದುದರಿಂದ ಪಿನ್ನೊಂದನ್ನು ಅಳೆದು ಸರಿಯೆಂದು ಬರೆದುಕೊಳ್ಳುವ ಮುನ್ನ ಅದನ್ನು ‘ವಿ’ ಕಟ್ಟೆಯಲ್ಲಿಟ್ಟು ಒಂದು ಸುತ್ತು ತಿರುಗಿಸಿ ನೋಡಲಿ.